ಹುನೈನ್ ಬಿನ್ ಇಸ್‌ಹಾಕ್: ಪದಗಳ ಅಮಾನತು ಕಾಯ್ದ ವೈದ್ಯ



ಕೆಲವು ತಿಂಗಳ ಹಿಂದೆ ನಮ್ಮ ಬಾಗಲವಾಡದಲ್ಲಿ ಅಸರ್ ನಮಾಝ್ ಮುಗಿಸಿ ಹೊರಬರುತ್ತಿದ್ದಾಗ ತಂದೆಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಮಗಳನ್ನು ನರ್ಸಿಂಗ್ ಕಲಿಯಲೆಂದು ಅವರು ರಾಯಚೂರಿಗೆ ಕಳುಹಿಸಿದ್ದರು. ಪಿಯುಸಿಯವರೆಗೂ ಕನ್ನಡದಲ್ಲೇ ಓದಿದ ಹುಡುಗಿ. ತಿಂಗಳು ತುಂಬುವುದರೊಳಗೆ ಅಳುತ್ತಾ ಮನೆಗೆ ಮರಳಿದ್ದಳು. ಪಾಠ ಇಂಗ್ಲಿಷಿನಲ್ಲಿ ನಡೆಯುವುದು ಒಂದು ಕಷ್ಟವಾದರೆ, ರೋಗಗಳ ಮತ್ತು ಅಂಗಾಂಗಗಳ ಹೆಸರುಗಳು ಆಕೆಗೆ ತಿಳಿದ ಇಂಗ್ಲಿಷಿನಲ್ಲೂ ಇರಲಿಲ್ಲ. ಒಂದು ಪದದ ಅರ್ಥ ಕೇಳಿದ್ದಕ್ಕೆ ತರಗತಿಯವರೆಲ್ಲ ನಕ್ಕರಂತೆ. ಇನ್ನು ಮರಳಿ ಕಳುಹಿಸಬೇಕೇ, ಇಲ್ಲವೇ ಓದು ಬಿಡಿಸಿ ನಿಕಾಹ್ ಮಾಡಿಬಿಡಬೇಕೇ ಎಂಬುದು ಆ ತಂದೆಯ ಪ್ರಶ್ನೆಯಾಗಿತ್ತು.

ಉತ್ತರವಾಗಿ ನಾನು ಅವರಿಗೆ ಒಬ್ಬ ವೈದ್ಯರ ಜೀವನ ಚರಿತ್ರೆಯನ್ನು ಹೇಳಿದೆ. ಅದನ್ನು ನೀವೂ ಕೇಳಬೇಕು. ಏಕೆಂದರೆ ಆ ತಂದೆಯ ಪ್ರಶ್ನೆ ಇಂದು ನಮ್ಮ ಅನೇಕ ಮನೆಗಳ ಪ್ರಶ್ನೆಯಾಗಿದೆ.

ಔಷಧ ವ್ಯಾಪಾರಿಯ ಮಗ

ಇರಾಕಿನ ಕೂಫಾ ಪಟ್ಟಣದ ಸಮೀಪ ಹೀರಾ ಎಂಬ ಊರಿತ್ತು. ಹುನೈನ್ ಬಿನ್ ಇಸ್‌ಹಾಕ್ ಅಲ್ಲಿ ಕ್ರಿ.ಶ. 809ರ ಸುಮಾರಿಗೆ ಜನಿಸಿದರು. ತಂದೆ ಔಷಧ ಮಾರುವವರು. ಅವರದು ಅರಬ್ ಕ್ರೈಸ್ತ ಕುಟುಂಬ. ಇಸ್ಲಾಮೀ ಪತ್ರಿಕೆಯಲ್ಲಿ ಕ್ರೈಸ್ತರೊಬ್ಬರ ಜೀವನವೇಕೆ ಎಂದು ನೀವು ಕೇಳಬಹುದು. ಅಬ್ಬಾಸೀ ಖಲೀಫರ ಕಾಲದ ಮುಸ್ಲಿಮರು ಜ್ಞಾನವನ್ನು ತಂದುಕೊಟ್ಟವರ ಧರ್ಮವನ್ನು ಕೇಳಿ ಬಾಗಿಲು ಮುಚ್ಚಲಿಲ್ಲ. ಅವರಿಗೆ ವೇತನ ಕೊಟ್ಟರು, ಆಸ್ಥಾನದಲ್ಲಿ ಸ್ಥಾನ ಕೊಟ್ಟರು. ಉಪಕಾರವನ್ನು ಯಾರು ಮಾಡಿದರೂ ಸ್ಮರಿಸುವುದು ನಮಗೆ ಕಲಿಸಲಾದ ನಡತೆಯೇ ಆಗಿದೆ.

ಹುನೈನ್ ತರುಣರಾಗಿದ್ದಾಗ ವೈದ್ಯವಿದ್ಯೆ ಕಲಿಯುವ ಆಸೆಯಿಂದ ಬಗ್ದಾದಿಗೆ ಬಂದರು. ಅಂದು ಅಲ್ಲಿ ಯೂಹನ್ನಾ ಬಿನ್ ಮಾಸವೈಹ್ ಎಂಬ ಪ್ರಸಿದ್ಧ ವೈದ್ಯರ ಬಳಿ ಶಿಷ್ಯರ ದೊಡ್ಡ ಗುಂಪೇ ಇತ್ತು. ಹುನೈನ್ ಆ ಪಾಠಗಳಿಗೆ ಕುಳಿತರು. ಆದರೆ ಅವರಿಗೊಂದು ಅಭ್ಯಾಸವಿತ್ತು. ಅರ್ಥವಾಗದ ಮಾತನ್ನು ಅವರು ದಾಟಿಹೋಗುತ್ತಿರಲಿಲ್ಲ, ನಿಲ್ಲಿಸಿ ಕೇಳುತ್ತಿದ್ದರು. ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದರು. ಗುರುಗಳಿಗೆ ಇದು ಬೇಸರ ತಂದಿತು. ಅಂದಿನ ದೊಡ್ಡ ವೈದ್ಯ ಮನೆತನಗಳ ಕಣ್ಣಿಗೆ ಹೀರಾದವರು ಬರೀ ವ್ಯಾಪಾರಸ್ಥರು. ಒಂದು ದಿನ ಯೂಹನ್ನಾ ಕೋಪಗೊಂಡು, ಹೀರಾದವನಿಗೆ ವೈದ್ಯವಿದ್ಯೆ ಏಕೆ, ಬೀದಿಯಲ್ಲಿ ಕುಳಿತು ನಾಣ್ಯ ಚಿಲ್ಲರೆ ಮಾಡಿಕೊಂಡಿರಲಿ ಎಂಬರ್ಥದ ಮಾತುಗಳನ್ನಾಡಿ ಅವರನ್ನು ಹೊರಗೆ ಕಳುಹಿಸಿದರು. ಹುನೈನ್ ಅಳುತ್ತಾ ಹೊರಟುಹೋದರೆಂದು ಹಳೆಯ ಚರಿತ್ರೆಗಾರರು ದಾಖಲಿಸಿದ್ದಾರೆ.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಿರಿ. ಅರ್ಥ ಕೇಳಿದ್ದಕ್ಕೆ ಅವಮಾನ, ಅಳುತ್ತಾ ಮನೆಯ ದಾರಿ. ರಾಯಚೂರಿನಿಂದ ಮರಳಿದ ನಮ್ಮ ಹುಡುಗಿಗೂ ಹುನೈನರಿಗೂ ನಡುವೆ ಸುಮಾರು 1200 ವರ್ಷಗಳ ಅಂತರವಿದೆ. ಕಣ್ಣೀರು ಮಾತ್ರ ಒಂದೇ.

ಬೇರಿಗೇ ಇಳಿದರು

ಹುನೈನ್ ಮಾಡಿದ್ದೇನು? ಅಂದಿನ ವೈದ್ಯಶಾಸ್ತ್ರದ ಮೂಲ ಗ್ರಂಥಗಳು ಗ್ರೀಕ್ ಭಾಷೆಯಲ್ಲಿದ್ದವು. ನಮ್ಮ ಹಕೀಮರು ಬುಕ್ರಾತ್ ಮತ್ತು ಜಾಲೀನೂಸ್ ಎಂದು ಕರೆಯುವ ಹಿಪೊಕ್ರೆಟಿಸ್ ಮತ್ತು ಗೇಲನ್ ಬರೆದದ್ದು ಆ ಭಾಷೆಯಲ್ಲಿಯೇ. ಯಾವ ಪದದ ಅರ್ಥವನ್ನು ಗುರು ಹೇಳಲಿಲ್ಲವೋ ಅದನ್ನು ಅದರ ಬೇರಿನಲ್ಲಿಯೇ ತಿಳಿಯುವೆನೆಂದು ಹುನೈನ್ ನಿರ್ಧರಿಸಿದರು. ಎರಡು ವರ್ಷಗಳಿಗೂ ಹೆಚ್ಚು ಕಾಲ ಅವರು ಬಗ್ದಾದಿನಲ್ಲಿ ಕಾಣಿಸಿಕೊಳ್ಳಲಿಲ್ಲ. ಒಂದು ದಿನ ಪರಿಚಿತನೊಬ್ಬನು, ಉದ್ದ ಕೂದಲು ಬೆಳೆಸಿದ ವ್ಯಕ್ತಿಯೊಬ್ಬ ಗ್ರೀಕ್ ಕವಿ ಹೋಮರನ ಪದ್ಯಗಳನ್ನು ಹೇಳುತ್ತಾ ನಡೆದಾಡುವುದನ್ನು ಕಂಡನು. ಧ್ವನಿಯಿಂದ ಗುರುತು ಹತ್ತಿತು. ಅದು ಹುನೈನ್!

ಗ್ರೀಕ್ ಕಲಿತರಷ್ಟೇ ಸಾಕೆಂದು ಅವರು ತಿಳಿಯಲಿಲ್ಲ. ಅರಬೀ ಭಾಷೆಯನ್ನೂ ಆಳವಾಗಿ ಅಭ್ಯಾಸ ಮಾಡಿದರು. ಸುರಿಯಾನಿ ಭಾಷೆ ಮೊದಲೇ ಬರುತ್ತಿತ್ತು. ಇಪ್ಪತ್ತು ತುಂಬುವ ಮೊದಲೇ ಖಲೀಫರ ವೈದ್ಯರಾದ ಜಿಬ್ರೀಲ್ ಬಿನ್ ಬುಖ್ತೀಶೂ ಅವರಿಗಾಗಿ ಗೇಲನ್‌ನ ಗ್ರಂಥಗಳನ್ನು ಅನುವಾದಿಸತೊಡಗಿದರು. ಆ ಅನುವಾದ ಯೂಹನ್ನಾರ ಕೈಗೂ ಬಂತು. ಅದರ ಸೊಗಸಿಗೆ ಬೆರಗಾದ ಅವರು, ಅದು ತಾವು ಹೊರಗಟ್ಟಿದ ಹುಡುಗನ ಕೆಲಸವೆಂದು ತಿಳಿದಾಗ ಸಂಧಾನಕ್ಕೆ ಹೇಳಿಕಳುಹಿಸಿದರು. ಹುನೈನ್ ಸೇಡು ಇಟ್ಟುಕೊಳ್ಳಲಿಲ್ಲ. ಗುರುವಿನೊಂದಿಗೆ ರಾಜಿಯಾದರು, ಅವರಿಗಾಗಿಯೂ ಗ್ರಂಥಗಳನ್ನು ಅನುವಾದಿಸಿಕೊಟ್ಟರು.

ತಪ್ಪು ಪದ ಅಮಾನತಿಗೆ ದ್ರೋಹ

ಹುನೈನ್ ಕೆಲಸ ಮಾಡುತ್ತಿದ್ದ ರೀತಿಯನ್ನು ಗಮನಿಸಿರಿ. ಒಂದು ಗ್ರಂಥವನ್ನು ಎತ್ತಿಕೊಳ್ಳುವ ಮೊದಲು ಅದರ ಹಲವು ಪ್ರತಿಗಳನ್ನು ಕೂಡಿಸುತ್ತಿದ್ದರು. ಪ್ರತಿಯಿಂದ ಪ್ರತಿಗೆ ಹೋಲಿಸಿ, ನಕಲುಗಾರರ ತಪ್ಪುಗಳನ್ನು ತಿದ್ದಿ, ಒಂದು ಸರಿಯಾದ ಪಾಠವನ್ನು ಸಿದ್ಧಗೊಳಿಸುತ್ತಿದ್ದರು. ಆಮೇಲಷ್ಟೇ ಅನುವಾದ. ಗೇಲನ್‌ನ ಒಂದು ಗ್ರಂಥಕ್ಕಾಗಿ ಇರಾಕ್, ಸಿರಿಯಾ, ಫಲಸ್ತೀನ್ ಸುತ್ತಿ ಈಜಿಪ್ಟಿನ ಅಲೆಕ್ಸಾಂಡ್ರಿಯಾದವರೆಗೂ ಹೋದರು. ಕೊನೆಗೆ ದಮಾಸ್ಕಸ್‌ನಲ್ಲಿ ಸಿಕ್ಕಿದ್ದು ಅದರ ಅರ್ಧದಷ್ಟು ಮಾತ್ರ.

ಇಪ್ಪತ್ತರ ಹರೆಯದಲ್ಲಿ ದೋಷಪೂರ್ಣ ಪ್ರತಿಯೊಂದರಿಂದ ಅವರು ಅನುವಾದಿಸಿದ ಗ್ರಂಥವೊಂದಿತ್ತು. ನಲ್ವತ್ತರ ಸುಮಾರಿಗೆ ಶಿಷ್ಯ ಹುಬೈಶ್ ಅದನ್ನು ತಿದ್ದಿಕೊಡಬೇಕೆಂದು ಕೇಳಿದರು. ಅಷ್ಟರಲ್ಲಿ ಹುನೈನ್ ದೊಡ್ಡ ಹೆಸರು ಗಳಿಸಿದ್ದರು. ಆದರೂ ತನ್ನ ಹಳೆಯ ಕೆಲಸದಲ್ಲಿ ತಪ್ಪಿದೆಯೆಂದು ಒಪ್ಪಿಕೊಳ್ಳಲು ಅವರು ನಾಚಲಿಲ್ಲ. ಹೊಸ ಪ್ರತಿಗಳನ್ನು ಕೂಡಿಸಿ ಮೊದಲಿನಿಂದ ತಿದ್ದಿದರು.

ಇಷ್ಟೊಂದು ಜಾಗ್ರತೆ ಏಕೆ? ಕಾವ್ಯದಲ್ಲಿ ಒಂದು ಪದ ತಪ್ಪಿದರೆ ರಸ ಕೆಡಬಹುದು. ವೈದ್ಯದಲ್ಲಿ ಒಂದು ಪದ ತಪ್ಪಿದರೆ ಪ್ರಾಣ ಹೋಗಬಹುದು. ಇಂದಿನ ಒಂದು ಉದಾಹರಣೆ ನೋಡಿರಿ. ಹೈಪರ್ ಎಂದರೆ ಹೆಚ್ಚು, ಹೈಪೋ ಎಂದರೆ ಕಡಿಮೆ. ಹೈಪರ್‌ಗ್ಲೈಸೀಮಿಯಾ ಎಂದರೆ ರಕ್ತದಲ್ಲಿ ಸಕ್ಕರೆ ಏರಿದೆಯೆಂದರ್ಥ. ಹೈಪೋಗ್ಲೈಸೀಮಿಯಾ ಎಂದರೆ ಇಳಿದಿದೆಯೆಂದರ್ಥ. ಸಕ್ಕರೆ ಇಳಿದು ಬೆವರುತ್ತಾ ಮಲಗಿದ ರೋಗಿಗೆ, ಏರಿದೆಯೆಂದು ತಿಳಿದು ಇನ್ಸುಲಿನ್ ಚುಚ್ಚಿದರೆ ಅವನು ಸಾಯಬಹುದು. ಎರಡು ಪದಗಳ ನಡುವೆ ಇರುವ ವ್ಯತ್ಯಾಸ ಒಂದೆರಡು ಅಕ್ಷರ. ರೋಗಿ ತನ್ನ ಪ್ರಾಣವನ್ನು ಶುಶ್ರೂಷಕಿಯ ಕೈಗೆ ಅಮಾನತಾಗಿ ಒಪ್ಪಿಸಿರುತ್ತಾನೆ. ಆಕೆ ಕಲಿಯುವ ಪ್ರತಿಯೊಂದು ಪದವೂ ಆ ಅಮಾನತಿನ ಭಾಗವೇ. ಹಾಗಿರುವಾಗ ಅರ್ಥ ಕೇಳಿದ ಹುಡುಗಿ ನಗೆಪಾಟಲಿಗೆ ಅರ್ಹಳೇ? ಅರ್ಥ ತಿಳಿಯದೆ ತಲೆಯಾಡಿಸಿದವರಿಗಿಂತ ಆಕೆ ಹೆಚ್ಚು ಪ್ರಾಮಾಣಿಕಳಲ್ಲವೇ?

ಕಣ್ಣಿನೊಳಗಿನ ಬಲೆ

ಹುನೈನ್ ಕಣ್ಣಿನ ಕುರಿತು ಹತ್ತು ಪ್ರಬಂಧಗಳ ಗ್ರಂಥವೊಂದನ್ನು ಬರೆದರು. ಅದು 1928ರಲ್ಲಿ ಕೈರೋದಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಮುದ್ರಣಗೊಂಡಿತು. ಕಣ್ಣಿನ ಹಿಂಬದಿಯ ಪೊರೆಯನ್ನು ಗ್ರೀಕರು ಬಲೆಗೆ ಹೋಲಿಸಿದ್ದರು. ಹುನೈನರು ಅದನ್ನು ಅರಬಿಯಲ್ಲಿ ಶಬಕಿಯ್ಯ ಎಂದು ಕರೆದರು. ಶಬಕ ಎಂದರೆ ಬಲೆ. ಕೃಷ್ಣೆಯಲ್ಲಿ ತುಂಗಭದ್ರೆಯಲ್ಲಿ ಬೆಸ್ತರು ಬೀಸುವಂತಹ ಬಲೆ. ಮುಂದೆ ಯುರೋಪಿನವರು ಅರಬೀ ಗ್ರಂಥಗಳನ್ನು ಲ್ಯಾಟಿನ್ನಿಗೆ ತಿರುಗಿಸಿದಾಗ, ತಮ್ಮ ಭಾಷೆಯಲ್ಲಿ ಬಲೆಗಿದ್ದ ರೇಟೆ ಎಂಬ ಪದದಿಂದ ಆ ಪೊರೆಗೆ ಹೆಸರಿಟ್ಟರು. ಅದೇ ಇಂದಿನ ರೆಟಿನಾ. ಮುಂಬದಿಯ ಪಾರದರ್ಶಕ ಪೊರೆ ಅರಬಿಯಲ್ಲಿ ಕರ್ನಿಯ್ಯ, ಅಂದರೆ ಕೊಂಬಿನಂತಹದ್ದು. ಲ್ಯಾಟಿನ್ನಿನ ಕಾರ್ನಿಯಾ ಪದಕ್ಕೂ ಅದೇ ಅರ್ಥ. ಮೆದುಳನ್ನು ಹೊದ್ದಿರುವ ಪೊರೆಗೆ ಡ್ಯೂರಾ ಮೇಟರ್ ಎನ್ನುತ್ತಾರೆ. ಮೇಟರ್ ಎಂದರೆ ತಾಯಿ. ಗ್ರೀಕರು ಅದನ್ನು ತಾಯಿಯೆಂದು ಕರೆದಿರಲಿಲ್ಲ. ಅರಬೀ ವೈದ್ಯರು ಉಮ್ಮ್ ಎಂದರು, ಲ್ಯಾಟಿನಿನವರು ಅದನ್ನೇ ತಮ್ಮ ಭಾಷೆಗೆ ತಂದುಕೊಂಡರು. ಮಕ್ಕಳು ಕುಡಿಯುವ ಸಿರಪ್ ಕೂಡ, ನಮ್ಮ ಮನೆಯ ಶರಬತ್ತಿನಂತೆ, ಅರಬಿಯಿಂದ ಬಂದ ಪದ.

ಆ ಹುಡುಗಿಯನ್ನು ಹೆದರಿಸಿದ ಪದಗಳೊಳಗೆ ಒಂದು ಬಲೆ, ಒಂದು ಕೊಂಬು, ಒಬ್ಬ ತಾಯಿ ಅಡಗಿದ್ದಾರೆ. ಬಿಚ್ಚಿ ನೋಡಿದರೆ ಹೆದರಿಕೆ ಹೋಗುತ್ತದೆ.

ಕಲಿಯುವವರಿಗಾಗಿಯೇ ಹುನೈನ್ ಇನ್ನೊಂದು ಪುಸ್ತಕ ಬರೆದರು. ವೈದ್ಯಶಾಸ್ತ್ರದ ಪ್ರಶ್ನೆಗಳು ಎಂಬುದು ಅದರ ಹೆಸರಿನ ಅರ್ಥ. ವೈದ್ಯಕ್ಕೆ ಎಷ್ಟು ಭಾಗಗಳು, ಅವು ಯಾವುವು ಎಂದು ಸರಳವಾಗಿ ಪ್ರಶ್ನೆ ಕೇಳಿ ಉತ್ತರ ಕೊಡುತ್ತಾ ಅದು ಸಾಗುತ್ತದೆ. ಪ್ರಶ್ನೆ ಕೇಳಿದ್ದಕ್ಕೆ ಹೊರಹಾಕಲ್ಪಟ್ಟವರು ಪ್ರಶ್ನೆಗಳಿಂದಲೇ ಪಠ್ಯಪುಸ್ತಕ ಕಟ್ಟಿದರು! ಹುಬೈಶ್ ಅದನ್ನು ಪೂರ್ಣಗೊಳಿಸಿದರು. ಅದರ ಲ್ಯಾಟಿನ್ ರೂಪವನ್ನು ಯುರೋಪಿನ ವೈದ್ಯ ವಿದ್ಯಾರ್ಥಿಗಳು ಶತಮಾನಗಳ ಕಾಲ ಮೊದಲ ಪಾಠವಾಗಿ ಓದಿದರು.

ಖಲೀಫರ ಪರೀಕ್ಷೆ

ಹೆಸರು ಬೆಳೆದಂತೆ ಹುನೈನ್ ಖಲೀಫಾ ಮುತವಕ್ಕಿಲರ ವೈದ್ಯರಾದರು. ಇವರು ಶತ್ರು ರಾಜನ ಕಡೆಯವರಿರಬಹುದೇ ಎಂಬ ಸಂಶಯ ಖಲೀಫರಿಗೆ ಬಂತೆಂದು ಚರಿತ್ರೆಗಾರರು ಹೇಳುತ್ತಾರೆ. ಒಂದು ದಿನ ಅವರು ಹುನೈನರಿಗೆ ಬಹುಮಾನಗಳನ್ನು ಕೊಟ್ಟು, ಒಬ್ಬ ಶತ್ರುವನ್ನು ಗುಟ್ಟಾಗಿ ಕೊಲ್ಲಲು ವಿಷ ಸಿದ್ಧಪಡಿಸಬೇಕೆಂದು ಆಜ್ಞಾಪಿಸಿದರು. ತಾನು ಕಲಿತದ್ದು ಉಪಕಾರ ಮಾಡುವ ಔಷಧಿಗಳನ್ನು ಮಾತ್ರ ಎಂದು ಹುನೈನ್ ನಿರಾಕರಿಸಿದರು. ಬೆದರಿಕೆಗೂ ಬಗ್ಗಲಿಲ್ಲ. ಒಂದು ವರ್ಷ ಕೋಟೆಯಲ್ಲಿ ಸೆರೆಯಾದರು. ಅಲ್ಲಿಯೂ ಅವರು ಸುಮ್ಮನೆ ಕೂರದೆ ಅನುವಾದ ಮುಂದುವರಿಸಿದರು.

ವರ್ಷದ ಬಳಿಕ ಅವರನ್ನು ಕರೆತರಲಾಯಿತು. ಒಂದು ಕಡೆ ಸಂಪತ್ತು, ಇನ್ನೊಂದು ಕಡೆ ಖಡ್ಗ. ಉತ್ತರ ಬದಲಾಗಲಿಲ್ಲ. ಆಗ ಖಲೀಫರು ಮುಗುಳ್ನಕ್ಕು, ಅದು ಪರೀಕ್ಷೆಯಾಗಿತ್ತೆಂದು ತಿಳಿಸಿ, ಈ ದೃಢತೆಗೆ ಕಾರಣವೇನೆಂದು ಕೇಳಿದರು. ಹುನೈನ್ ಎರಡು ಕಾರಣಗಳನ್ನು ಹೇಳಿದರು. ಶತ್ರುವಿಗೂ ಒಳಿತು ಮಾಡಬೇಕೆನ್ನುವ ತನ್ನ ಧರ್ಮ ಒಂದು, ಯಾರಿಗೂ ಪ್ರಾಣಾಂತಕ ಔಷಧ ಕೊಡಬಾರದೆನ್ನುವ ತನ್ನ ವೃತ್ತಿಯ ಪ್ರತಿಜ್ಞೆ ಇನ್ನೊಂದು. ಪದಗಳ ವಿಷಯದಲ್ಲಿ ಇಪ್ಪತ್ತು ವರ್ಷ ಪ್ರಾಮಾಣಿಕವಾಗಿದ್ದ ಮನಸ್ಸು ಖಡ್ಗದ ಮುಂದೆಯೂ ಪ್ರಾಮಾಣಿಕವಾಗಿಯೇ ಉಳಿಯಿತು. ಸಣ್ಣ ವಿಷಯದಲ್ಲಿ ರೂಢಿಯಾದ ಸತ್ಯವೇ ದೊಡ್ಡ ದಿನದಲ್ಲಿ ಕೈಹಿಡಿಯುವುದು.

ಆಸ್ಥಾನದ ಮತ್ಸರವೂ ಅವರನ್ನು ಬಿಡಲಿಲ್ಲ. ಆಯುಷ್ಯವಿಡೀ ಕೂಡಿಸಿದ ಪುಸ್ತಕಗಳೆಲ್ಲ ಕೈತಪ್ಪಿದವು. ಆದರೂ 48ರ ಹರೆಯದಲ್ಲಿ, ಸ್ನೇಹಿತರೊಬ್ಬರ ಕೋರಿಕೆಯ ಮೇರೆಗೆ, ಗೇಲನ್‌ನ ಸುಮಾರು 129 ಗ್ರಂಥಗಳ ವಿವರವನ್ನು ನೆನಪಿನಿಂದಲೇ ಬರೆದರು. ಯಾವುದನ್ನು ಯಾರು ಅನುವಾದಿಸಿದರು, ಯಾವ ಪ್ರತಿ ದೋಷಪೂರ್ಣವಾಗಿತ್ತು ಎಂಬುದೆಲ್ಲ ಅದರಲ್ಲಿತ್ತು. ಮನನ ಮಾಡಿಕೊಂಡ ವಿದ್ಯೆಯನ್ನು ಯಾರೂ ಕಸಿಯಲಾರರು. ಕ್ರಿ.ಶ. 873ರ ಸುಮಾರಿಗೆ ಹುನೈನ್ ತೀರಿಕೊಂಡರು. ಮಗ ಇಸ್‌ಹಾಕ್ ಮತ್ತು ಶಿಷ್ಯ ಹುಬೈಶ್ ಆ ಕೆಲಸವನ್ನು ಮುಂದುವರಿಸಿದರು.

ನಮ್ಮ ಮನೆಗಳಿಗೆ

ಇನ್ನು ನಮ್ಮ ಕಡೆಗೆ ಬನ್ನಿರಿ. ಪರಭಾಷೆಯನ್ನು ಕಲಿಯುವುದು ನಮ್ಮ ದೀನಿಗೆ ಹೊಸದೇನಲ್ಲ. ಪ್ರವಾದಿವರ್ಯರ(ಸ) ಆದೇಶದಂತೆ ಹ. ಝೈದ್ ಬಿನ್ ಸಾಬಿತ್(ರ) ಯಹೂದ್ಯರ ಲಿಪಿಯನ್ನು ಹದಿನೈದು ದಿನಗಳ ಆಸುಪಾಸಿನಲ್ಲಿ ಕಲಿತರು. ಪತ್ರಗಳನ್ನು ತಪ್ಪಿಲ್ಲದೆ ಓದುವ ಅಗತ್ಯ ಅಂದಿತ್ತು. ಒಂದು ಜೀವವನ್ನು ಉಳಿಸುವುದು ಸಕಲ ಮಾನವರನ್ನು ಉಳಿಸಿದಂತೆ ಎಂದು ಕಲಿಸುವ ಕುರ್‌ಆನನ್ನು ನಂಬಿದವರಿಗೆ ಇಂದಿನ ಅಗತ್ಯವೂ ಸಣ್ಣದಲ್ಲ.

ಹೈದರಾಬಾದಿನಲ್ಲಿ 1846ರಲ್ಲಿ ವೈದ್ಯಶಾಲೆ ತೆರೆದಾಗ ಪಾಠ ಉರ್ದುವಿನಲ್ಲಿತ್ತು. ಆಗ ನಮ್ಮ ರಾಯಚೂರು ನಿಝಾಮರ ಸಂಸ್ಥಾನಕ್ಕೇ ಸೇರಿತ್ತು. 1917ರಲ್ಲಿ ಅಲ್ಲಿ ಅನುವಾದಕ್ಕೆಂದೇ ಸ್ಥಾಪಿಸಿದ ದಾರುಲ್ ತರ್ಜುಮಾ ವಿಜ್ಞಾನದ ಪದಗಳಿಗೆ ಉರ್ದು ರೂಪ ಕೊಟ್ಟಿತು. ಇಂದು ಆಸ್ಪತ್ರೆಗಳ ಪದಗಳು ಇಂಗ್ಲಿಷಿನ ಮೂಲಕ ಬರುತ್ತವೆ. ರಾಯಚೂರಿನಲ್ಲಿ 2007ರಿಂದ ಸರಕಾರಿ ವೈದ್ಯಕೀಯ ಕಾಲೇಜೇ ಇದೆ. ದವಾಖಾನೆ ಹತ್ತಿರ ಬಂದಿದೆ. ಪದಗಳ ಭಯದಿಂದ ನಮ್ಮ ಮಕ್ಕಳು ಅದರ ಬಾಗಿಲಲ್ಲಿ ನಿಲ್ಲಬಾರದು.

ನಾನು ಆ ಹುಡುಗಿಗೆ ಹೇಳಿದ್ದು ಇಷ್ಟೇ. ಒಂದು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದುಕೋ. ಮೊದಲನೆಯದರಲ್ಲಿ ಪದ, ಎರಡನೆಯದರಲ್ಲಿ ಅದರ ತುಂಡುಗಳು, ಮೂರನೆಯದರಲ್ಲಿ ಕನ್ನಡದ ಅರ್ಥ. ಕಾರ್ಡಿಯೋ ಹೃದಯ, ನೆಫ್ರೋ ಮೂತ್ರಪಿಂಡ, ಹೆಪಟೋ ಯಕೃತ್ತು. ಕೊನೆಯಲ್ಲಿ ಐಟಿಸ್ ಬಂದರೆ ಉರಿಯೂತ, ಎಕ್ಟಮಿ ಬಂದರೆ ಕತ್ತರಿಸಿ ತೆಗೆಯುವುದು. ಹೆಪಟೈಟಿಸ್ ಎಂದರೇನೆಂದು ಈಗ ನಿನಗೇ ತಿಳಿಯುತ್ತದೆ. ನೂರು ತುಂಡುಗಳನ್ನು ಕಲಿತರೆ ಸಾವಿರ ಪದಗಳ ಬೀಗ ತೆರೆಯುತ್ತದೆ. ತಿಳಿಯದ್ದನ್ನು ಕೇಳು, ನಕ್ಕರೆ ಮತ್ತೊಮ್ಮೆ ಕೇಳು.

ಆಕೆಯ ತಾಯಿಗೆ ಇಂಗ್ಲಿಷ್ ಬಾರದು, ಕನ್ನಡ ಓದಲು ಬರುತ್ತದೆ. ರಜೆಯಲ್ಲಿ ಮಗಳು ಬಂದಾಗ ನೋಟ್‌ಬುಕ್ ತಾಯಿಯ ಕೈಯಲ್ಲಿರುತ್ತದೆ. ಮೂರನೆಯ ಕಾಲಂ ನೋಡಿ ತಾಯಿ ಕೇಳುತ್ತಾರೆ, ಮಗಳು ಪದ ಹೇಳುತ್ತಾಳೆ. ಪ್ರಶ್ನೆ ಮತ್ತು ಉತ್ತರ, ಹುನೈನರ ಪುಸ್ತಕದ ಹಾಗೆಯೇ. ಪರೀಕ್ಷೆ ಇನ್ನೂ ಮುಂದಿದೆ. ಫಲಿತಾಂಶ ಅಲ್ಲಾಹನ ಕೈಯಲ್ಲಿದೆ, ಪ್ರಯತ್ನ ನಮ್ಮ ಕೈಯಲ್ಲಿ.

ನಿಮ್ಮ ಮಗಳೋ ಮಗನೋ ಹೀಗೆ ಅಳುತ್ತಾ ಮರಳಿದರೆ ಮೊದಲು ಊಟ ಬಡಿಸಿರಿ. ಅನಂತರ ಈ ಕಥೆ ಹೇಳಿ, ಮರುದಿನ ಬಸ್ಸು ಹತ್ತಿಸಿರಿ.

ನಾವು ಕಲಿಯುವ ಪ್ರತಿಯೊಂದು ಪದವನ್ನೂ ಅಮಾನತೆಂದು ಬಗೆಯುವ ಮನಸ್ಸನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.