ಕೋವಿಯ ಶಿಲ್ಪಿ ಗ್ರೀನರ್

ಕೋವಿಯೆಂದೊಡನೆ ಅದನ್ನು ಹಿಡಿದವನ ನೆನಪಾಗುವುದೇ ಹೊರತು ಮಾಡಿದವನ ನೆನಪಾಗುವುದು ಅಪರೂಪ. ಇಂಗ್ಲೆಂಡಿನ ವಿಲಿಯಂ ವೆಲ್ಲಿಂಗ್ಟನ್ ಗ್ರೀನರನು ಈ ಮಾತಿಗೆ ಅಪವಾದ.

ಆತನು ಹುಟ್ಟಿದ್ದು ೧೮೩೪ರಲ್ಲಿ. ತಂದೆಯೂ ಹೆಸರಾಂತ ಕೋವಿ ತಯಾರಕ. ನ್ಯೂಕ್ಯಾಸಲಿನಲ್ಲಿದ್ದ ಆತನು ೧೮೪೪ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬಂದು ನೆಲೆಸಿದನು. ಮಗನು ತಂದೆಯ ಕೈಕೆಳಗೇ ಕಸುಬು ಕಲಿತನು. ಆದರೆ ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿಯೇ ಮೇಲೆಂದು ತಂದೆಯ ನಂಬಿಕೆ. ಹಿಂದಿನಿಂದ ತೋಟಾ ಹಾಕುವ ಕೋವಿಗೇ ಮುಂದಿನ ಕಾಲವೆಂದು ಮಗನ ಎಣಿಕೆ. ಕೊನೆಗೆ ಮಗನು ಬೇರೆಯಾಗಿ ವ್ಯಾಪಾರ ಹೂಡಿದನು. ೧೮೬೯ರಲ್ಲಿ ತಂದೆ ತೀರಿಕೊಂಡ ಮೇಲೆ ಎರಡೂ ಒಂದಾದುವು.

ಆ ಕಾಲದ ಚರೆಕೋವಿಯ ನಳಿಗೆ ಉದ್ದಕ್ಕೂ ಒಂದೇ ಅಳತೆಯದು. ೪೦ ಗಜ ದೂರದಲ್ಲಿ ೩೦ ಅಂಗುಲ ವ್ಯಾಸದ ವೃತ್ತಕ್ಕೆ ಈಡು ಹೊಡೆದರೆ ನೂರು ಚರೆಗಳಲ್ಲಿ ಸುಮಾರು ನಲವತ್ತು ಮಾತ್ರ ಒಳಗೆ ಬೀಳುವುವು. ದೂರದ ಹಕ್ಕಿಗೆ ಒಂದೆರಡು ಚರೆ ತಗುಲಿ, ಅದು ಪೊದೆ ಸೇರಿ ನರಳಿ ಸಾಯುವುದು. ನಳಿಗೆಯ ಬಾಯಿಯನ್ನು ತುಸು ಕಿರಿದುಮಾಡಿ ಚರೆಗಳನ್ನು ಒತ್ತಾಗಿ ಕಳುಹಿಸುವ ಉಪಾಯವೇ ಚೋಕ್. ಇದರ ಮೊದಲ ಕಲ್ಪನೆ ಗ್ರೀನರನದಲ್ಲ. ನ್ಯೂಕ್ಯಾಸಲಿನ ಪೇಪ್ ೧೮೬೬ರಲ್ಲಿಯೂ ಅಮೆರಿಕದ ರೋಪರ್ ೧೮೬೮ರಲ್ಲಿಯೂ ಪೇಟೆಂಟ್ ಪಡೆದಿದ್ದರು. ತನಗೆ ಇದರ ಸುಳಿವು ಸಿಕ್ಕಿದ್ದು ೧೮೭೪ರಲ್ಲಿ, ಗಿರಾಕಿಯೊಬ್ಬನ ಸೂಚನೆಯಿಂದ ಎಂಬುದನ್ನು ಗ್ರೀನರನು ತನ್ನ ಗ್ರಂಥದಲ್ಲಿ ಮರೆಮಾಚಿಲ್ಲ. ಎಷ್ಟು ಕಿರಿದು, ಯಾವ ಆಕಾರ, ಯಾವ ಉಪಕರಣ ಎಂಬುದನ್ನು ಪ್ರಯೋಗದಿಂದ ಕಂಡುಕೊಂಡು, ಪ್ರತಿಯೊಂದು ಕೋವಿಯಲ್ಲಿಯೂ ತಪ್ಪದೆ ಬರುವಂತೆ ಮಾಡಿದ್ದೇ ಆತನ ಹಿರಿಮೆ. ೧೮೭೫ರಲ್ಲಿ 'ದಿ ಫೀಲ್ಡ್' ಪತ್ರಿಕೆ ಲಂಡನ್ನಿನಲ್ಲಿ ನಡೆಸಿದ ಪರೀಕ್ಷೆಯಲ್ಲಿ ಆತನ ಕೋವಿಗಳು ಜಯಗಳಿಸಿದುವು. ಬಿಗಿ ಚೋಕಿನಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಚರೆ ವೃತ್ತದೊಳಗೆ ಬೀಳುವುವು.

ಹಾಗೆಂದು ಬಿಗಿ ಚೋಕ್ ಎಲ್ಲೆಡೆಯೂ ಸಲ್ಲದು. ನಾಯಿಯ ಮುಂದೆ ೨೦ ಗಜದಲ್ಲೇ ಭರ್ರನೆ ಏಳುವ ಕೌಜುಗವನ್ನು ನೋಡಿ. ಅಷ್ಟು ಹತ್ತಿರದಲ್ಲಿ ಬಿಗಿ ಚೋಕಿನ ಚರೆಯ ಹರವು ಸಾದಾ ನಳಿಗೆಯ ಹರವಿನ ಸುಮಾರು ಅರ್ಧ. ಗುರಿ ತಪ್ಪುವುದೇ ಹೆಚ್ಚು. ತಗುಲಿದರೆ ಹಕ್ಕಿ ಛಿದ್ರವಾಗಿ ಅಡುಗೆಗೂ ಬಾರದು. ಆದುದರಿಂದಲೇ ಜೋಡುನಳಿಗೆಯ ಕೋವಿಯಲ್ಲಿ ಮೊದಲ ಈಡಿಗೆ ಸಡಿಲವಾದ ನಳಿಗೆ, ಎರಡನೆಯದಕ್ಕೆ ಬಿಗಿಯಾದುದು ಎಂಬ ಪದ್ಧತಿ ರೂಢಿಯಾಯಿತು. ತೋಟಾದ ವಿಚಾರವೂ ಹೀಗೆಯೇ. ಇಂಗ್ಲಿಷ್ ಅಳತೆಯಂತೆ ಔನ್ಸಿಗೆ ೭ನೆಯ ನಂಬರಿನ ಚರೆ ೩೪೦, ೬ನೆಯದು ೨೭೦, ೫ನೆಯದು ೨೨೦. ಸಣ್ಣ ಚರೆ ದಟ್ಟವಾಗಿ ಹರಡಿದರೂ ಬೇಗ ಬಲಗುಂದುತ್ತದೆ. ದಪ್ಪ ಚರೆ ದೂರಕ್ಕೂ ನಾಟೀತು, ಆದರೆ ಎಣಿಕೆಯಲ್ಲಿ ಕಡಿಮೆ. ಹತ್ತಿರದಲ್ಲಿ ಏಳುವ ಕೌಜುಗಕ್ಕೆ ಸಡಿಲ ನಳಿಗೆ, ೭ನೆಯ ನಂಬರು. ಚಳಿಗಾಲದಲ್ಲಿ ಬೆದರಿ ದೂರದಿಂದಲೇ ಏಳುವಾಗ ಬಿಗಿ ನಳಿಗೆ, ೬ನೆಯ ನಂಬರು. ಒಂದು ಪ್ರಾಣಿಯ ಸಾವು ಕ್ಷಣದ್ದೋ ದಿನಗಟ್ಟಲೆಯ ಯಾತನೆಯದೋ ಎಂಬುದು ಈ ಹೊಂದಾಣಿಕೆಯನ್ನೇ ಅವಲಂಬಿಸಿದೆ.

೧೮೮೧ರಲ್ಲಿ ಹೊರಬಂದ ಆತನ 'ದಿ ಗನ್ ಅಂಡ್ ಇಟ್ಸ್ ಡೆವಲಪ್‌ಮೆಂಟ್' ೧೯೧೦ರ ವೇಳೆಗೆ ಒಂಬತ್ತನೆಯ ಮುದ್ರಣ ಕಂಡಿತು. ೧೯೨೧ರಲ್ಲಿ ಆತನು ಕಾಲವಾದನು. ತಂದೆಯ ಮಾತನ್ನಾಗಲಿ ತನ್ನ ಊಹೆಯನ್ನಾಗಲಿ ಆತನು ಪ್ರಮಾಣವೆಂದು ಹಿಡಿಯಲಿಲ್ಲ. ಗುರಿಹಲಗೆಯ ಮೇಲಿನ ಚರೆಗಳನ್ನು ಎಣಿಸಿ ನೋಡಿದನು. ವಿದ್ಯಾರ್ಥಿಗಳಾದ ನಾವು ಆತನಿಂದ ಕಲಿಯಬೇಕಾದುದು ಇದನ್ನೇ.