ಬ್ಯಾಕ್ಟೀರಿಯವನ್ನು ಕರಗಿಸುವ ಜೀವಿ ಕಂಡ ಡೆರೆಲ್

ಪಾಶ್ಚರರ ಹೆಸರು ನಮ್ಮ ನೀಲಗಿರಿಯವರಿಗೆ ಹೊಸದಲ್ಲ. ಹುಚ್ಚುನಾಯಿ ಕಡಿತಕ್ಕೆ ಮದ್ದು ಒದಗಿಸಲು ಕೂನೂರಿನಲ್ಲಿ ೧೯೦೭ರಲ್ಲೇ ಅವರ ಹೆಸರಿನ ಸಂಸ್ಥೆ ಹುಟ್ಟಿತು. ಆದರೆ ಪ್ಯಾರಿಸಿನ ಮೂಲ ಪಾಶ್ಚರ್ ಸಂಸ್ಥೆಯಲ್ಲಿ ಸಂಬಳವಿಲ್ಲದೆ ದುಡಿದು, ಮುಂದೆ ಕಾಲರಾಕ್ಕೆ ಔಷಧ ಹಿಡಿದು ನಮ್ಮ ದೇಶಕ್ಕೂ ಬಂದ ಫೆಲಿಕ್ಸ್ ಡೆರೆಲ್ ಎಂಬವರನ್ನು ಇಲ್ಲಿ ಬಲ್ಲವರು ವಿರಳ.

ಡೆರೆಲ್ ಜನಿಸಿದ್ದು ೧೮೭೩ರ ಏಪ್ರಿಲ್ ೨೫ರಂದು ಪ್ಯಾರಿಸಿನಲ್ಲಿ. ತಾವು ಕೆನಡಾದಲ್ಲಿ ಹುಟ್ಟಿದವರೆಂದು ಹೇಳಿಕೊಳ್ಳುತ್ತಿದ್ದರು. ಸೂಕ್ಷ್ಮಾಣು ಶಾಸ್ತ್ರವನ್ನು ಅವರು ಕಲಿತದ್ದು ಸ್ವಂತ ಓದಿನಿಂದ, ಕೈಯಾರೆ ಮಾಡಿ. ಗ್ವಾಟೆಮಾಲ, ಮೆಕ್ಸಿಕೋಗಳಲ್ಲಿ ಕೆಲಸ ಮಾಡಿ ಪ್ಯಾರಿಸಿಗೆ ಮರಳಿದರು.

ಮೊದಲನೆಯ ಮಹಾಯುದ್ಧದ ಕಾಲ. ಸೈನಿಕರಲ್ಲಿ ಆಮಶಂಕೆ ಹಬ್ಬಿತ್ತು. ರೋಗಿಗಳ ಮಲವನ್ನು ಬ್ಯಾಕ್ಟೀರಿಯವೂ ನುಸುಳದಂಥ ಸೋಸುಕದಲ್ಲಿ ಸೋಸಿ, ಆ ನೀರನ್ನು ರೋಗಾಣು ಬೆಳೆಸಿದ್ದ ಕೊಳವೆಗೆ ಹಾಕಿದಾಗ ಬಗ್ಗಡದ ದ್ರವ ತಿಳಿಯಾಯಿತು. ಆ ತಿಳಿಯ ಒಂದು ತೊಟ್ಟು ಮತ್ತೊಂದು ಕೊಳವೆಯನ್ನೂ ತಿಳಿಗೊಳಿಸಿತು. ಹೀಗೆ ಎಷ್ಟು ಸಲ ಮಾಡಿದರೂ ಶಕ್ತಿ ಕುಂದಲಿಲ್ಲ. ಬರಿಯ ವಿಷವಾಗಿದ್ದರೆ ತೆಳುವಾಗುತ್ತ ಇಲ್ಲವಾಗಬೇಕಿತ್ತಲ್ಲವೆ? ಇದು ಸಂತಾನ ಬೆಳೆಸುವ ಜೀವಿಯೇ ಎಂದು ನಿಶ್ಚಯಿಸಿ ೧೯೧೭ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯೋಫೇಜ್, ಅಂದರೆ ಬ್ಯಾಕ್ಟೀರಿಯ ಭಕ್ಷಕ, ಎಂದು ಕರೆದರು. ಇಂಗ್ಲೆಂಡಿನ ಟ್ವಾರ್ಟ್ ೧೯೧೫ರಲ್ಲೇ ಇಂಥದನ್ನು ವರದಿ ಮಾಡಿದ್ದರು. ಅದನ್ನು ಒಪ್ಪುವ ದೊಡ್ಡ ಮನಸ್ಸು ಡೆರೆಲರಿಗೆ ಇರಲಿಲ್ಲ.

ಧೈರ್ಯಕ್ಕೇನೂ ಕೊರತೆಯಿರಲಿಲ್ಲ. ೧೯೧೯ರಲ್ಲಿ ಮೊದಲು ತಾವೇ ಫೇಜನ್ನು ಕುಡಿದು, ಆಮೇಲೆ ಆಮಶಂಕೆಯ ಮಕ್ಕಳಿಗೆ ಕೊಟ್ಟರು. ೧೯೨೭ರಲ್ಲಿ ಪಂಜಾಬಿನಲ್ಲಿ ಕಾಲರಾ ರೋಗಿಗಳಿಗೆ ಕುಡಿಸಿದರು, ಬಾವಿಗಳಿಗೂ ಸುರಿಸಿದರು. ಕುಡಿದವರಲ್ಲಿ ಸಾವು ಬಹಳ ಕಡಿಮೆ ಎಂದು ಅವರ ವರದಿ.

ಬೆಲ್ಜಿಯಮಿನ ನೊಬೆಲ್ ವಿಜೇತ ಬೋರ್ದೆ ಮಾತ್ರ ಫೇಜ್ ಒಂದು ಜೀವಿಯೆಂದು ಒಪ್ಪಲಿಲ್ಲ. ಹೊರಗಿನಿಂದ ಏನೂ ಸೇರದೆಯೂ ಕೆಲವು ಬ್ಯಾಕ್ಟೀರಿಯಗಳು ತಾವಾಗಿ ಕರಗುವುದನ್ನು ಅವರು ಕಂಡಿದ್ದರು; ಇದು ಬ್ಯಾಕ್ಟೀರಿಯದ್ದೇ ಕಿಣ್ವ ಎಂದು ಅವರ ವಾದ. ವರ್ಷಗಟ್ಟಲೆ ಜಗಳ ನಡೆಯಿತು. ೧೯೪೦ರಲ್ಲಿ ಇಲೆಕ್ಟ್ರಾನ್ ಸೂಕ್ಷ್ಮದರ್ಶಕದಡಿ ಫೇಜ್ ಕಣ್ಣಿಗೆ ಬಿದ್ದಾಗ ಗೆಲುವು ಡೆರೆಲರದಾಯಿತು. ನೊಬೆಲ್ ಬಹುಮಾನ ಬರಲೇ ಇಲ್ಲ. ೧೯೪೯ರ ಫೆಬ್ರವರಿ ೨೨ರಂದು ಅವರು ಪ್ಯಾರಿಸಿನಲ್ಲಿ ತೀರಿಕೊಂಡರು.

ಆದರೆ ಬೋರ್ದೆ ಕಂಡದ್ದೂ ಸುಳ್ಳಲ್ಲ. ಫೇಜ್ ತನ್ನ ಡಿ.ಎನ್.ಎ.ಯನ್ನು ಬ್ಯಾಕ್ಟೀರಿಯದೊಳಕ್ಕೆ ತೂರಿಸುತ್ತದೆ. ಆ ಬರಹದ ನಕಲು ತೆಗೆದರಷ್ಟೇ ಹೊಸ ಫೇಜುಗಳು ಹುಟ್ಟಬಲ್ಲವು. ನಕಲು ತೆಗೆಯುವ ಕಿಣ್ವ ಸಾಮಾನ್ಯವಾಗಿ ಬ್ಯಾಕ್ಟೀರಿಯದ್ದು. ತಾಲೂಕು ಕಚೇರಿಯ ಗುಮಾಸ್ತರನ್ನು ಹೊರಗಿನವನೊಬ್ಬ ತನ್ನ ಕಾಗದ ಬರೆಯಲು ಕೂರಿಸಿಕೊಂಡ ಹಾಗೆ. ಟಿ-೭ ಎಂಬ ಫೇಜ್ ಇನ್ನೂ ಜಾಣ. ಗುಮಾಸ್ತರಿಂದ ಮೊದಲ ಕೆಲವು ಪುಟಗಳನ್ನಷ್ಟೇ ಬರೆಸಿ, ಅದರಿಂದ ತನ್ನದೇ ನಕಲುಗಾರನನ್ನು ಸೃಷ್ಟಿಸಿಕೊಂಡು, ಹಳಬರ ಕೈ ಕಟ್ಟಿಹಾಕುತ್ತದೆ. ಇದು ತಿಳಿದದ್ದು ೧೯೭೦ರಲ್ಲಿ. ಲ್ಯಾಂಬ್ಡ ಎಂಬ ಫೇಜಿನ ದಾರಿ ಬೇರೆ. ಬ್ಯಾಕ್ಟೀರಿಯದ ಡಿ.ಎನ್.ಎ.ಯೊಳಗೇ ಸೇರಿಕೊಂಡು, ತನ್ನ ಬರಹವನ್ನು ಯಾರೂ ನಕಲಿಸದಂತೆ ಒಂದು ಪ್ರೋಟೀನಿನಿಂದ ಬೀಗ ಹಾಕಿಸಿ, ತಲೆಮಾರುಗಟ್ಟಲೆ ಸುಮ್ಮನಿರಬಲ್ಲದು. ಬೀಗ ಮುರಿದರೆ ನಕಲು ಶುರುವಾಗಿ ಬ್ಯಾಕ್ಟೀರಿಯ ಒಡೆಯುತ್ತದೆ.

ಬೋರ್ದೆ ಕಂಡದ್ದು ಇಂಥ ಅಡಗಿದ್ದ ಫೇಜಿನ ಕೆಲಸವನ್ನು. ಅತಿನೇರಳೆ ಬೆಳಕು ತಾಗಿಸಿ ಅದನ್ನು ಎಬ್ಬಿಸಬಹುದೆಂದು ಆಂಡ್ರೆ ಲ್ವಾಫ್ ಮತ್ತು ಸಂಗಡಿಗರು ತೋರಿಸಿದರು. ಅದು ೧೯೫೦ರಲ್ಲಿ, ಡೆರೆಲ್ ತೀರಿಕೊಂಡ ಮರುವರ್ಷ, ಪ್ಯಾರಿಸಿನ ಅದೇ ಪಾಶ್ಚರ್ ಸಂಸ್ಥೆಯಲ್ಲಿ.