ಪ್ಲುಟೋನಿಯಂ ಮುಟ್ಟಿದರೆ ಸಾವು ಖಚಿತವೇ? ಲೂಯಿಸ್ ಸ್ಲೋಟಿನ್ ಕಥೆ ಓದಿ

ಪ್ಲುಟೋನಿಯಂ ಮುಟ್ಟಿದ ಕೂಡಲೇ ಮನುಷ್ಯ ಸಾಯುತ್ತಾನೆ ಎಂಬ ಮಾತನ್ನು ನೀವೂ ಕೇಳಿರಬಹುದು. ಇದು ಎಷ್ಟು ನಿಜ ಎಂದು ತಿಳಿಯಲು ನಾವು ವಿಜ್ಞಾನಿ ಲೂಯಿಸ್ ಸ್ಲೋಟಿನ್ ಅವರ ಬದುಕನ್ನು ನೋಡೋಣ. ಪ್ಲುಟೋನಿಯಂ ಜೊತೆ ಕೆಲಸ ಮಾಡುವಾಗ ಆದ ಅವಘಡದಿಂದಲೇ ಅವರು ಸತ್ತರು. ಆದರೆ ಅದನ್ನು ಮುಟ್ಟಿದ್ದರಿಂದ ಅಲ್ಲ.

ಯಾರು ಈ ಸ್ಲೋಟಿನ್?

ಸ್ಲೋಟಿನ್ ಹುಟ್ಟಿದ್ದು 1910ರ ಡಿಸೆಂಬರ್ 1ರಂದು, ಕೆನಡಾದ ವಿನ್ನಿಪೆಗ್‌ನಲ್ಲಿ. ತಂದೆ ತಾಯಿ ರಷ್ಯಾದಿಂದ ವಲಸೆ ಬಂದ ಯಹೂದಿಗಳು. 1936ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಿಂದ ಡಾಕ್ಟರೇಟ್ ಪಡೆದ ಅವರು ಮುಂದೆ ಅಮೆರಿಕದ ಅಣುಬಾಂಬ್ ಯೋಜನೆ ಸೇರಿದರು. 1945ರ ಜುಲೈನಲ್ಲಿ ಪರೀಕ್ಷಿಸಿದ ಮೊದಲ ಅಣುಬಾಂಬಿನ ಪ್ಲುಟೋನಿಯಂ ಗೋಳವನ್ನು ಜೋಡಿಸಿದವರಲ್ಲಿ ಅವರೂ ಒಬ್ಬರು.

1946ರ ಮೇ 21ರಂದು ಆಗಿದ್ದೇನು?

ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ 6.2 ಕಿಲೋ ತೂಕದ ಪ್ಲುಟೋನಿಯಂ ಗೋಳವಿತ್ತು. ಅದರ ಕೆಳಗೊಂದು, ಮೇಲೊಂದು ಬೆರಿಲಿಯಂ ಬಟ್ಟಲು. ಬೆರಿಲಿಯಂ ನ್ಯೂಟ್ರಾನ್‌ಗಳನ್ನು ಒಳಕ್ಕೇ ಹಿಂದಿರುಗಿಸುತ್ತದೆ. ಎರಡೂ ಬಟ್ಟಲು ಪೂರ್ತಿ ಮುಚ್ಚಿಕೊಂಡರೆ ಸರಪಳಿ ಕ್ರಿಯೆ ಶುರು. ಅವು ಮುಚ್ಚದಂತೆ ಸ್ಲೋಟಿನ್ ನಡುವೆ ಸ್ಕ್ರೂಡ್ರೈವರ್ ಹಿಡಿದಿದ್ದರು. ಇದೇ ಗೋಳದೊಂದಿಗೆ ಪ್ರಯೋಗ ಮಾಡುವಾಗ 1945ರ ಆಗಸ್ಟ್‌ನಲ್ಲಿ ಆದ ಅವಘಡದಿಂದ ಸಹೋದ್ಯೋಗಿ ಹ್ಯಾರಿ ಡಾಗ್ಲಿಯನ್ ತೀರಿಕೊಂಡಿದ್ದರು.

ಸ್ಕ್ರೂಡ್ರೈವರ್ ಜಾರಿತು. ಕ್ಷಣಾರ್ಧದಲ್ಲಿ ನೀಲಿ ಬೆಳಕು ಮಿಂಚಿತು. ಸ್ಲೋಟಿನ್ ಮೇಲಿನ ಬಟ್ಟಲನ್ನು ಕೈಯಿಂದಲೇ ಎತ್ತಿ ಎಸೆದರು. ಕೋಣೆಯಲ್ಲಿದ್ದ ಇತರ 7 ಮಂದಿ ಅಂದು ಬದುಕುಳಿದರು. ಸ್ಲೋಟಿನ್ 9 ದಿನ ನರಳಿ, ಮೇ 30ರಂದು ತೀರಿಕೊಂಡರು. ಆಗ ಅವರಿಗೆ 35 ವರ್ಷ.

ಕೊಂದದ್ದು ಯಾವುದು?

ಆ ಕ್ಷಣದ ಸರಪಳಿ ಕ್ರಿಯೆಯಿಂದ ಸಿಡಿದ ನ್ಯೂಟ್ರಾನ್ ಮತ್ತು ಗಾಮಾ ವಿಕಿರಣ. ಸುಮ್ಮನೆ ಇಟ್ಟ ಪ್ಲುಟೋನಿಯಂನಿಂದ ಮುಖ್ಯವಾಗಿ ಹೊರಡುವುದು ಆಲ್ಫಾ ಕಣಗಳು. ಅವು ನಮ್ಮ ಚರ್ಮ ದಾಟಿ ಒಳಹೋಗಲಾರವು.

ಹಾಗಾದರೆ ಅಪಾಯವಿಲ್ಲವೇ?

ಇದೆ. ಪ್ಲುಟೋನಿಯಂ ದೂಳು ಉಸಿರಿನ ಮೂಲಕವೋ ಗಾಯದ ಮೂಲಕವೋ ದೇಹ ಸೇರಿದರೆ ಕಷ್ಟ. ಶ್ವಾಸಕೋಶದಿಂದ ರಕ್ತಕ್ಕಿಳಿದು ಮೂಳೆ ಮತ್ತು ಯಕೃತ್ತಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಅಲ್ಲಿ ಅದೇ ಆಲ್ಫಾ ಕಣಗಳು ಜೀವಕೋಶಗಳನ್ನು ಹತ್ತಿರದಿಂದಲೇ ಹಾನಿ ಮಾಡುತ್ತವೆ. ವರ್ಷಗಳ ನಂತರ ಕ್ಯಾನ್ಸರ್ ಬರುವ ಸಾಧ್ಯತೆ ಹೆಚ್ಚುತ್ತದೆ.

ಸ್ಲೋಟಿನ್ ಸಾವಿನ ನಂತರ ಲಾಸ್ ಅಲಾಮೋಸ್‌ನಲ್ಲಿ ಇಂಥ ಪ್ರಯೋಗಗಳನ್ನು ಕೈಯಿಂದ ಮಾಡುವುದು ನಿಂತಿತು. ದೂರದಿಂದ ಯಂತ್ರಗಳನ್ನು ನಡೆಸುವ ಪದ್ಧತಿ ಬಂತು.

ಒಟ್ಟಿನಲ್ಲಿ, ಮುಟ್ಟಿದರೆ ಸಾವು ಎಂಬುದು ಸುಳ್ಳು. ಏನೂ ಆಗುವುದಿಲ್ಲ ಎಂಬುದೂ ಸುಳ್ಳೇ. ಅಂಥ ಫಾರ್ವರ್ಡ್ ಬಂದರೆ ಈ ಎರಡೂ ಮಾತನ್ನು ಸೇರಿಸಿ ಕಳಿಸಿ.